ವಿದೇಶಿ ವಿದ್ಯುತ್ ಉಪಕರಣಗಳ ಬಳಕೆ
ಭಾರತದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಅಲ್ಲಿಂದ ತಂದ ಉಪಕರಣವನ್ನು ಇಲ್ಲಿ ಸಿಕ್ಕಿಸುವ ಮುನ್ನ ಅದರ ತಳದಲ್ಲಿ ಅಂಟಿಸಿರುವ ಚೀಟಿಯನ್ನು ಓದಲೇಬೇಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಇರುವಂತೆ ‘100–240 ವೋಲ್ಟ್’ ಎಂದಿದ್ದರೆ ಪಿನ್ನಿನ ಆಕಾರ ಹೊಂದಿಸುವ ಅಡಾಪ್ಟರ್ ಸಾಕು. ‘120 ವೋಲ್ಟ್’ ಎಂದಷ್ಟೇ ಇದ್ದರೆ ಸಾಲದು. ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಕಾಯಿಸುವ ಉಪಕರಣದ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 1000 ವಾಟ್‌ನ ಅಮೆರಿಕನ್ ರೈಸ್ ಕುಕ್ಕರ್ ಇಲ್ಲಿ ಸುಮಾರು 3,700 ವಾಟ್ ಎಳೆಯಲು ಹೋಗಿ ಸುಟ್ಟುಹೋಗುತ್ತದೆ. ಇದಕ್ಕೆ ಉಪಕರಣಕ್ಕಿಂತ ಹೆಚ್ಚು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಆವರ್ತನವನ್ನು ಬದಲಿಸದು; 60 ಹರ್ಟ್ಸ್‌ನ ಸಿಂಕ್ರೊನಸ್ ಮೋಟಾರಿನ ಗಡಿಯಾರ ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಇದೇ ಕಾರಣಕ್ಕೆ ಅಮೆರಿಕಕ್ಕೆ ಹೊರಟವರು ಚಟ್ನಿ ರುಬ್ಬಲು ಇಲ್ಲಿಂದಲೇ ಅಲ್ಲಿಗೆ ಹೊಂದುವ 110 ವೋಲ್ಟಿನ ಮಿಕ್ಸಿ ಒಯ್ಯುವುದುಂಟು.