ಮೊಳೆಯಿಲ್ಲದ ಹಡಗು

ಒಮಾನಿನ ರಾಜಧಾನಿ ಮಸ್ಕತ್ತಿನ ಅಲ್ ಬುಸ್ತಾನ್ ಬಳಿ, ರಸ್ತೆಗಳು ಕೂಡುವ ವೃತ್ತದ ನಡುವೆ ಮರದ ಹಡಗೊಂದು ನಿಂತಿದೆ. ಹೆಸರು 'ಸೊಹಾರ್'. ದುಡಿಮೆಗಾಗಿ ಆ ನಾಡಿಗೆ ಹೋದ ನಮ್ಮ ಕರಾವಳಿಯ ಜನರಿಗೆ ಇದು ಅಪರಿಚಿತವಲ್ಲ. ಕಾರಿನಲ್ಲಿ ಕುಳಿತು ಸುತ್ತು ಹಾಕಿ ಹೋಗುವವರಿಗೆ ಅದೊಂದು ಅಲಂಕಾರವಾಗಿ ಕಾಣಬಹುದು. ಆದರೆ ಅದನ್ನು ಹತ್ತಿರದಿಂದ ನೋಡಬೇಕು. ಅದರ ಹಲಗೆಗಳನ್ನು ಜೋಡಿಸಲು ಕಬ್ಬಿಣದ ಮೊಳೆ ಬಳಸಿಲ್ಲ. ಇಡೀ ಹಡಗನ್ನು ತೆಂಗಿನ ನಾರಿನ ಹಗ್ಗದಿಂದ ಬಟ್ಟೆ ಹೊಲಿದಂತೆ ಹೊಲಿಯಲಾಗಿದೆ.

ಮಧ್ಯಯುಗದ ಅರಬ್ ವರ್ತಕರ ಹಡಗು ಹೇಗಿತ್ತೆಂದು ಹೇಳುವ ನಕ್ಷೆಗಳು ಉಳಿದಿಲ್ಲ. ಪ್ರವಾಸಿಗರ ಬರಹ ಮತ್ತು ಕೆಲವು ಚಿತ್ರಗಳು ಉಳಿದಿವೆ. 1237ರಲ್ಲಿ ಕಲಾವಿದ ಅಲ್ ವಾಸಿತಿ, ಹರೀರಿಯ 'ಮಖಾಮಾತ್' ಕೃತಿಗಾಗಿ ಬರೆದ ಚಿತ್ರವೊಂದರಲ್ಲಿ ಹಡಗಿನ ಹೊಲಿಗೆಗಳು ಸ್ಪಷ್ಟವಾಗಿವೆ. ಹೊಲಿದ ಹಡಗುಗಳ ಬಗ್ಗೆ ಎಲ್ಲರಿಗೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹೊರ್ಮುಜಿನಲ್ಲಿ ಅವನ್ನು ಕಂಡ ಮಾರ್ಕೊ ಪೋಲೊ, ಇವು ತೀರಾ ಕಳಪೆ, ಎಷ್ಟೋ ಮುಳುಗುತ್ತವೆ ಎಂದು ಬರೆದ. ಆದರೆ 14ನೇ ಶತಮಾನದ ಇಬ್ನ್ ಬತೂತಾ ಬೇರೆ ಮಾತು ಹೇಳುತ್ತಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನ ವಿವರಣೆ. ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡು ಬರೆದವನು ಅವನು.

ಇಬ್ಬರಲ್ಲಿ ಯಾರು ಸರಿ? ಇದನ್ನು ಸಮುದ್ರದಲ್ಲೇ ಪರೀಕ್ಷಿಸಲು ಹೊರಟವನು ಬ್ರಿಟಿಷ್ ಸಾಹಸಿ ಟಿಮ್ ಸೆವೆರಿನ್. ಅಂದಿನ ಸುಲ್ತಾನ ಖಾಬೂಸ್ ಈ ಕೆಲಸಕ್ಕೆ ನೆರವಾದರು. 1980ರಲ್ಲಿ ಒಮಾನಿನ ಸೂರ್ ಪಟ್ಟಣದಲ್ಲಿ ಹಡಗು ಸಿದ್ಧವಾಯಿತು. ಉದ್ದ 80 ಅಡಿಗೂ ಹೆಚ್ಚು. ಅದಕ್ಕೆ ಬೇಕಾದ ಹಗ್ಗ ಸುಮಾರು 400 ಮೈಲು! ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಸಂದುಗಳ ಮೇಲೆ ನಾರಿನ ಮೆತ್ತೆಯಿಟ್ಟು, ಹಗ್ಗವನ್ನು ಬಿಗಿಯಾಗಿ ಎಳೆದು ಹೊಲಿಯಲಾಯಿತು. ಮರ ಕೊರೆಯುವ ಹುಳುಗಳಿಂದ ರಕ್ಷಿಸಲು ಹಡಗಿನ ತಳಕ್ಕೆ ಸುಣ್ಣ ಮತ್ತು ಕುರಿಯ ಕೊಬ್ಬನ್ನು ಬೆರೆಸಿ ಬಳಿಯಲಾಯಿತು. ಇವೆಲ್ಲ ಹಳೆಯ ಕಾಲದ ವಿದ್ಯೆಗಳೇ.

1980ರ ನವೆಂಬರಿನಲ್ಲಿ ಮಸ್ಕತ್ತಿನಿಂದ ಹೊರಟ ಸೊಹಾರ್, ಲಕ್ಷದ್ವೀಪ, ಕಲ್ಲಿಕೋಟೆ, ಶ್ರೀಲಂಕಾ, ಸುಮಾತ್ರ, ಮಲಕ್ಕಾ, ಸಿಂಗಾಪುರಗಳನ್ನು ದಾಟಿ 1981ರ ಜುಲೈಯಲ್ಲಿ ಚೀನಾದ ಕ್ಯಾಂಟನ್ ತಲುಪಿತು. ಸುಮಾರು 6,000 ಮೈಲುಗಳ ಪ್ರಯಾಣ. ದಾರಿಯಲ್ಲಿ ಗಾಳಿ ಬಿದ್ದುಹೋಗಿ ದಿನಗಟ್ಟಲೆ ಕಾಯಬೇಕಾಯಿತು, ಹಾಯಿಯ ದೊಡ್ಡ ಅಡ್ಡಮರ ಮುರಿಯಿತು. ಹೊಲಿಗೆ ಮಾತ್ರ ಬಿಚ್ಚಲಿಲ್ಲ. ಮಾರ್ಕೊ ಪೋಲೊಗಿಂತ ಇಬ್ನ್ ಬತೂತಾನ ಮಾತೇ ಗಟ್ಟಿಯೆಂದು ಸಮುದ್ರವೇ ಹೇಳಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಒಮಾನ್ ಮರಳು ಮತ್ತು ಕಲ್ಲುಬೆಟ್ಟಗಳ ನಾಡು. ಅಂಥಲ್ಲಿ ಹಡಗು ಕಟ್ಟುವಷ್ಟು ಮರವೆಲ್ಲಿ? ಸೊಹಾರಿನ ಹಲಗೆಗಳು ಮಲಬಾರಿನಿಂದ ಹೋದವು. ಅಲ್ಲಿಯವರು 'ಆಯಿನಿ' ಎನ್ನುವ ಆ ಮರ ನಮ್ಮ ಮಲೆನಾಡಿನ ಹೆಬ್ಬಲಸು. ಹಗ್ಗದ ಹೊಲಿಗೆಗೆ ಲಕ್ಷದ್ವೀಪದ ಕುಶಲಕರ್ಮಿಗಳು ಸೂರಿಗೆ ಹೋದರು. ಇದೂ ಹಳೆಯ ಪದ್ಧತಿಯೇ. 10ನೇ ಶತಮಾನದ ಅಬೂ ಝೈದ್ ಅಲ್ ಸೀರಾಫಿ ಇದನ್ನು ವಿವರಿಸಿದ್ದಾನೆ. ಒಮಾನಿನ ಜನ ಉಪಕರಣಗಳೊಂದಿಗೆ ತೆಂಗು ಬೆಳೆಯುವ ದ್ವೀಪಗಳಿಗೆ ಬಂದು, ತೆಂಗಿನ ಮರದಿಂದ ಹಲಗೆ, ನಾರಿನಿಂದ ಹಗ್ಗ, ಗರಿಯಿಂದ ಹಾಯಿ ಮಾಡಿ, ಕೊನೆಗೆ ಅದೇ ಹಡಗಿನಲ್ಲಿ ತೆಂಗಿನಕಾಯಿ ತುಂಬಿಕೊಂಡು ಮರಳುತ್ತಿದ್ದರಂತೆ.

ಅರಬರು ಹೊರಗಿನವರು, ಹಡಗೇರಿ ನಮ್ಮ ದಡಕ್ಕೆ ಬಂದವರು ಎಂದು ಸಲೀಸಾಗಿ ಹೇಳುವವರಿದ್ದಾರೆ. ಅವರು ಬಂದ ಹಡಗಿನ ಮರ ಯಾವ ಕಾಡಿನದು, ಹಗ್ಗ ಹೊಸೆದ ಕೈ ಯಾರದು ಎಂದು ಕೇಳಿದರೆ ಒಳಗಿನವರು ಹೊರಗಿನವರು ಎಂಬ ಗೆರೆ ಅಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ. ಅತ್ತ ಸಿಂದಬಾದನ ಸಾಹಸಗಳನ್ನು ಕೊಂಡಾಡುವವರೂ ಮರ ಕಡಿದವನನ್ನು, ನಾರು ಬಡಿದವಳನ್ನು ನೆನೆಯುವುದಿಲ್ಲ. ಇತಿಹಾಸ ವರ್ತಕನ ಹೆಸರನ್ನು ಬರೆದಿಟ್ಟಿತು, ಕೂಲಿಯವನನ್ನು ಮರೆತಿತು.

1498ರಲ್ಲಿ ಪೋರ್ಚುಗೀಸರು ಬಂದ ನಂತರ ಫಿರಂಗಿ ಹೊತ್ತ, ಮೊಳೆ ಹೊಡೆದ ಹಡಗುಗಳ ಕಾಲ ಆರಂಭವಾಯಿತು. ಹೊಲಿದ ದೊಡ್ಡ ಹಡಗುಗಳು ಮೆಲ್ಲಮೆಲ್ಲನೆ ಮರೆಯಾದವು. ಆದರೂ ವಿದ್ಯೆ ಪೂರ್ತಿ ಅಳಿಯಲಿಲ್ಲ. ಅಜಂತಾದ ಚಿತ್ರವೊಂದನ್ನು ಆಧರಿಸಿ ಕೇರಳದ ಕುಶಲಕರ್ಮಿಗಳು ಹೊಲಿದ 'ಕೌಂಡಿನ್ಯ' ಹಡಗು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ಅದೇ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ತನ್ನು ತಲುಪಿತು.

ಸೊಹಾರನ್ನು ಹೊಲಿಯಲು ಲಕ್ಷದ್ವೀಪದವರು, ಕೌಂಡಿನ್ಯವನ್ನು ಹೊಲಿಯಲು ಕೇರಳದವರು ಬೇಕಾದರು. ಹಡಗನ್ನು ವೃತ್ತದಲ್ಲಿ ನಿಲ್ಲಿಸಿ ಕಾಪಾಡುವುದು ದೊಡ್ಡ ಕೆಲಸವಲ್ಲ. ಅದನ್ನು ಹೊಲಿಯಬಲ್ಲ ಕೈಗಳು ಈಗ ಬೆರಳೆಣಿಕೆಯಷ್ಟಿವೆ. ಆ ಕೈಗಳಿಗೆ ಕೆಲಸವೂ ಕಲಿಯಲು ಬರುವ ಮಕ್ಕಳೂ ಸಿಕ್ಕರೆ ಮಾತ್ರ ಮುಂದೆ ಇಂಥ ಇನ್ನೊಂದು ಹಡಗು ನೀರಿಗಿಳಿದೀತು.