ಬಜ್ಪೆ: ಗುಡ್ಡದ ಮೇಲಿನ ರನ್‌ವೇ

ಮಂಗಳೂರು ವಿಮಾನ ನಿಲ್ದಾಣವನ್ನು ಊರವರು ಕರೆಯುವುದು ಈಗಲೂ ಬಜ್ಪೆ ಎಂದೇ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದರು. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇ ಉದ್ದ ಬರೀ 1,615 ಮೀಟರ್. 1981ರಲ್ಲಿ ಆವ್ರೋ ವಿಮಾನವೊಂದು ಅದನ್ನು ದಾಟಿ ಅಂಚಿನಲ್ಲಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

2006ರಲ್ಲಿ 2,450 ಮೀಟರ್‌ನ ಹೊಸ ರನ್‌ವೇ ಬಂತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರುವಾಗಿ, ಅಲ್ಲಿ ದುಡಿಯುವ ಕರಾವಳಿಯವರಿಗೆ ಮುಂಬೈ ಸುತ್ತುವುದು ತಪ್ಪಿತು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಈ ಹೊಸ ರನ್‌ವೇಯನ್ನೂ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು 8. ಪೈಲಟ್‌ ಇಳಿಯುವ ಪ್ರಯತ್ನ ಕೈಬಿಡಬೇಕಿತ್ತು ಎಂದಿತು ತನಿಖೆ. ಒಪ್ಪೋಣ. ಆದರೆ ಅದೇ ತಪ್ಪು ಬಯಲುಸೀಮೆಯಲ್ಲಾಗಿದ್ದರೆ ವಿಮಾನ ಹೊಲಕ್ಕೆ ನುಗ್ಗುತ್ತಿತ್ತು. ಇಲ್ಲಿ ರನ್‌ವೇ ಮುಗಿದರೆ ಗುಡ್ಡವೂ ಮುಗಿಯುತ್ತದೆ.