ಮನೆಯ ಒಳವಿನ್ಯಾಸದ ಮಾರ್ಪಾಡು

ಮನೆಯ ಒಳವಿನ್ಯಾಸದ ಮಾರ್ಪಾಡು ಎಂದರೆ ಈಗಾಗಲೇ ಕಟ್ಟಿರುವ ಮನೆಯಲ್ಲಿ ಕೋಣೆ, ಗೋಡೆ ಹಾಗೂ ಬಾಗಿಲುಗಳ ಸ್ಥಾನವನ್ನು ಅಥವಾ ಅಳತೆಯನ್ನು ಬದಲಾಯಿಸುವುದು. ಎರಡು ಕೋಣೆಗಳನ್ನು ಒಂದಾಗಿಸುವುದು, ಅಡುಗೆಮನೆಯನ್ನು ನಡುಮನೆಗೆ ತೆರೆಯುವುದು, ಹೊಸ ಸ್ನಾನಗೃಹ ಕಟ್ಟುವುದು ಇದರ ಸಾಮಾನ್ಯ ರೂಪಗಳು. ಯಾವ ಗೋಡೆಯನ್ನು ತೆಗೆಯಬಹುದು ಎಂಬ ನಿರ್ಧಾರವೇ ಯೋಜನೆಯ ಮೊದಲ ಹಂತ.

ಗೋಡೆಗಳ ಬಗೆ

ಕಲ್ಲು, ಮಣ್ಣು ಅಥವಾ ಇಟ್ಟಿಗೆಯ ಹಳೆಯ ಮನೆಗಳಲ್ಲಿ ಛಾವಣಿಯ ಭಾರವು ಹೆಚ್ಚಾಗಿ ಗೋಡೆಗಳ ಮೂಲಕವೇ ಅಡಿಪಾಯಕ್ಕೆ ಇಳಿಯುತ್ತದೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳಲ್ಲಿ ಈ ಭಾರವನ್ನು ಕಂಬ ಮತ್ತು ತೊಲೆಗಳು ಹೊರುತ್ತವೆ. ಒಳಗಿನ ಇಟ್ಟಿಗೆ ಗೋಡೆಗಳು ಸಾಮಾನ್ಯವಾಗಿ ಕೋಣೆಗಳನ್ನು ಬೇರ್ಪಡಿಸಲು ಮಾತ್ರ ಇರುತ್ತವೆ. ಇಂತಹ ಅಡ್ಡಗೋಡೆಗಳು ಹಲವೆಡೆ 4.5 ಇಂಚು ದಪ್ಪವಿರುತ್ತವೆ. ಆದರೆ ದಪ್ಪವೊಂದನ್ನೇ ನೋಡಿ ಗೋಡೆಯ ಬಗೆಯನ್ನು ನಿರ್ಣಯಿಸಲಾಗದು. ಮೂಲ ನಕ್ಷೆ, ತೊಲೆಗಳ ದಿಕ್ಕು ಹಾಗೂ ಮೇಲಂತಸ್ತಿನ ಗೋಡೆಗಳನ್ನು ಪರಿಶೀಲಿಸಬೇಕು.

ಭಾರ ಹೊರುವ ಗೋಡೆಯನ್ನು ಆಧಾರವಿಲ್ಲದೆ ಒಡೆದರೆ ಛಾವಣಿ ಬಿರುಕು ಬಿಡಬಹುದು ಅಥವಾ ಕುಸಿಯಬಹುದು. ಅದನ್ನು ತೆಗೆಯಲೇಬೇಕಾದಾಗ ರಚನಾ ಎಂಜಿನಿಯರರ ಲೆಕ್ಕಾಚಾರದಂತೆ ಮೊದಲು ತಾತ್ಕಾಲಿಕ ಊರೆಗಳನ್ನು ನಿಲ್ಲಿಸಿ, ಬಳಿಕ ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆಯನ್ನು ಅಳವಡಿಸಲಾಗುತ್ತದೆ.

ನೀರು, ಗಾಳಿ ಮತ್ತು ಬೆಳಕು

ಕೊಳಚೆ ನೀರು ಇಳಿಜಾರಿನಿಂದ ಹರಿಯುವುದರಿಂದ, ಹೊಸ ಸ್ನಾನಗೃಹವು ಹಳೆಯ ಕೊಳವೆಗೆ ಸಮೀಪವಿದ್ದಷ್ಟೂ ಕೆಲಸ ಸುಲಭ. ಕೋಣೆಯನ್ನು ವಿಭಜಿಸುವಾಗ ಪ್ರತಿ ಭಾಗಕ್ಕೂ ಕಿಟಕಿ ಉಳಿಯಬೇಕು.

ಅನುಮತಿ

ರಚನೆಯನ್ನು ಬದಲಿಸುವ ಕಾಮಗಾರಿಗೆ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ಅನುಮತಿ ಬೇಕಾಗುತ್ತದೆ. ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಸಂಘದ ಒಪ್ಪಿಗೆಯೂ ಬೇಕಾಗಬಹುದು. ಅಲ್ಲಿ ಒಂದು ಮನೆಯ ಗೋಡೆಯು ಮೇಲಿನ ಮನೆಗಳಿಗೂ ಆಧಾರವಾಗಿರಬಹುದು.